ಬೀಗ ಬಿದ್ದ ಸರ್ಕಾರಿ ಕಟ್ಟಡವನ್ನು ಮತ್ತೆ ತೆರೆಯುವುದು ಹೇಗೆ? ಪಂಚಾಯಿತಿ, ಪುರಸಭೆಗಳಿಗೆ ಹಂತ ಹಂತದ ದಾರಿ

ಊರಿನ ಶಾಲೆಗೆ ಮಕ್ಕಳಿಲ್ಲದೆ ಬೀಗ ಬಿದ್ದಿದೆ. ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯ ಪಂಚಾಯಿತಿ ಕಟ್ಟಡ ಖಾಲಿ ನಿಂತಿದೆ. ಸಮುದಾಯ ಭವನದಲ್ಲಿ ವರ್ಷಕ್ಕೆ ನಾಲ್ಕು ಮದುವೆಯೂ ಆಗುವುದಿಲ್ಲ. ಪುರಸಭೆಯ ಮಳಿಗೆಗಳ ಷಟರ್ ತುಕ್ಕು ಹಿಡಿದಿದೆ. "ಇವನ್ನು ಖಾಸಗಿಯವರ ಜೊತೆ ಸೇರಿ ನಡೆಸಲು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?" ಎಂದು ಓದುಗರು ಕೇಳುತ್ತಲೇ ಇದ್ದಾರೆ. ಹೊಸದಾಗಿ ಗೆದ್ದ ಸದಸ್ಯರು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಊರಿನ ಯುವಕ ಸಂಘದವರು, ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆಯುತ್ತಿದ್ದೇನೆ.

ಸಾಧ್ಯವಿದೆ. ಆದರೆ ಬಹುತೇಕರು ಕೊನೆಯಿಂದ ಆರಂಭಿಸುತ್ತಾರೆ. ಮೊದಲು ಬಾಡಿಗೆದಾರನನ್ನು ಗೊತ್ತುಮಾಡಿಕೊಂಡು, ಆಮೇಲೆ ಕಾಗದ ಹೊಂದಿಸಲು ಹೊರಟು, ಅಲ್ಲಿಯೇ ಎಡವುತ್ತಾರೆ. ನೀವು ಹುಡುಕಬೇಕಾದವರು ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆಯುವವರು. ಸೂರು ಸೋರಿದರೆ ಅದೇ ವಾರ ನೋಡುವವರು. ಬಾಡಿಗೆ ಎಷ್ಟು ಎಂಬ ಮಾತು ಅದರ ನಂತರದ್ದು. ಕಟ್ಟಡದ ದಿನದ ಹೊಣೆ ಅವರ ಕೈಗೆ ಹೋಗಬೇಕು, ಒಡೆತನ ಊರಿನ ಕೈಯಲ್ಲೇ ಉಳಿಯಬೇಕು. ಕೆಳಗಿನ ಎಂಟು ಹಂತಗಳೂ ಇದಕ್ಕಾಗಿಯೇ ಇವೆ.

ಕೆಲಸ ಮುಗಿಯಲು ಎಂಟು ತಿಂಗಳಿಂದ ಒಂದು ವರ್ಷ ಬೇಕೆಂದು ಇಟ್ಟುಕೊಳ್ಳಿ. ನಡುವೆ ಚುನಾವಣೆ ಬಂದು ನೀತಿ ಸಂಹಿತೆ ಜಾರಿಯಾದರೆ ಟೆಂಡರ್ ನಿಲ್ಲುತ್ತದೆ, ಆ ಲೆಕ್ಕವೂ ಇರಲಿ. ಒಬ್ಬ ಎಂಜಿನಿಯರ್, ಕಾಗದಪತ್ರ ಬಲ್ಲ ಒಬ್ಬ ವಕೀಲರು, ಲೆಕ್ಕ ಬಲ್ಲವರೊಬ್ಬರು ಮತ್ತು ಕಡತವನ್ನು ಬೆನ್ನುಹತ್ತಿ ಹೋಗುವ ಒಬ್ಬ ಸದಸ್ಯ, ಇಷ್ಟು ಜನ ಸಾಕು.

1. ಕೀಲಿಕೈ ಯಾರ ಬಳಿ ಇದೆ, ಕಾಗದ ಯಾರ ಹೆಸರಿನಲ್ಲಿದೆ?

ಎರಡೂ ಒಂದೇ ಅಲ್ಲ. ಕೀಲಿಕೈ ಪಂಚಾಯಿತಿಯ ಮೊಳೆಗೆ ನೇತುಹಾಕಿದೆ ಎಂದಮಾತ್ರಕ್ಕೆ ಕಟ್ಟಡ ಪಂಚಾಯಿತಿಯದಾಗುವುದಿಲ್ಲ. ಶಾಲೆಯಾದರೆ ಅದು ಸಾಮಾನ್ಯವಾಗಿ ಶಿಕ್ಷಣ ಇಲಾಖೆಯ ಅಧೀನದಲ್ಲಿರುತ್ತದೆ, ಪಶು ಆಸ್ಪತ್ರೆಯಾದರೆ ಪಶುಪಾಲನಾ ಇಲಾಖೆಯದು. ಹಲವು ಕಡೆ ನೆಲ ಒಬ್ಬರದು, ಮೇಲಿನ ಕಟ್ಟಡ ಇನ್ನೊಬ್ಬರದು.

ಹಳೆಯ ಶಾಲೆಗಳಲ್ಲಿ ದೊಡ್ಡ ತೊಡಕು ದಾನದ ಜಾಗ. ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಕೊಟ್ಟಿರುತ್ತಾರೆ, ಪಹಣಿ ಇಂದಿಗೂ ಅವರ ಹೆಸರಿನಲ್ಲೇ ಇರುತ್ತದೆ. ಶಾಲೆ ನಡೆಯುತ್ತಿದ್ದಷ್ಟು ದಿನ ಮೊಮ್ಮಕ್ಕಳು ಸುಮ್ಮನಿರುತ್ತಾರೆ. ಅಲ್ಲಿ ಯಾರೋ ವ್ಯಾಪಾರ ಮಾಡುತ್ತಾರೆಂದು ತಿಳಿದ ದಿನ ನ್ಯಾಯಾಲಯಕ್ಕೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ದಾನಪತ್ರ ಇದ್ದರೆ ತೆಗೆಸಿ ಓದಿ, "ವಿದ್ಯಾಭ್ಯಾಸದ ಉದ್ದೇಶಕ್ಕೆ ಮಾತ್ರ" ಎಂಬ ಸಾಲಿದೆಯೇ ನೋಡಿ. ಪತ್ರವೇ ಇಲ್ಲದಿದ್ದರೆ ಆ ಕುಟುಂಬದವರನ್ನು ಕರೆದು, ಕೂರಿಸಿ, ಯೋಜನೆ ಹೇಳಿ, ಈಗಲಾದರೂ ನೋಂದಾಯಿತ ದಾನಪತ್ರ ಮಾಡಿಸಿಕೊಳ್ಳಿ. ದಾನಿಯ ಹೆಸರಿನ ಕಲ್ಲು ಬಾಗಿಲ ಬಳಿ ಉಳಿಯುತ್ತದೆಂದು ಬರೆದುಕೊಡಿ. ಇದು ಸೌಜನ್ಯವೂ ಹೌದು, ನ್ಯಾಯವೂ ಹೌದು.

ನಿಮ್ಮ ಕೈಯಲ್ಲಿರಬೇಕಾದ ಕಾಗದಗಳು ಇವು: ಪಹಣಿ ಅಥವಾ ಗ್ರಾಮಠಾಣಾ ದಾಖಲೆ, ಇ-ಸ್ವತ್ತು ನಮೂನೆ (ಪಂಚಾಯಿತಿ ವ್ಯಾಪ್ತಿಯ ಆಸ್ತಿಯ ಗಣಕೀಕೃತ ದಾಖಲೆ), ಪಟ್ಟಣವಾದರೆ ಅಂತಹದೇ ಇ-ಖಾತೆ, ಸರ್ವೆ ಇಲಾಖೆಯ ಅಳತೆ ನಕ್ಷೆ, ಪಂಚಾಯಿತಿಯ ಆಸ್ತಿ ವಹಿಯ ಪ್ರತಿ, ಬೇರೆ ಇಲಾಖೆಯ ಕಟ್ಟಡವಾದರೆ ಆ ಇಲಾಖೆಯ ಲಿಖಿತ ಒಪ್ಪಿಗೆ ಅಥವಾ ಹಸ್ತಾಂತರದ ಆದೇಶ, ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ ಮತ್ತು ಬಾಕಿ ಬಿಲ್. ಕೊನೆಯದನ್ನು ಸಣ್ಣದೆಂದು ಬಿಡಬೇಡಿ. ಹಳೆಯ ಬಾಕಿ ತೀರದೆ ಹೊಸಬರಿಗೆ ಸಂಪರ್ಕ ಸಿಗುವುದು ಕಷ್ಟ.

ಎಚ್ಚರಿಕೆ: ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಬಾಯಿಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ. ಅವರು ವರ್ಗವಾದ ಮರುದಿನ ಅದಕ್ಕೆ ಬೆಲೆಯಿಲ್ಲ. ಹಾಗೆಯೇ ಗೋಮಾಳ, ಕೆರೆ ಅಂಗಳದಂತಹ ಸಾರ್ವಜನಿಕ ಭೂಮಿಯ ಮೇಲೆ ಎದ್ದ ಕಟ್ಟಡವಾದರೆ ಅಲ್ಲಿಯೇ ನಿಲ್ಲಿಸಿ, ತಹಶೀಲ್ದಾರರನ್ನು ಕೇಳಿ. ಹಳ್ಳಿಯ ಸಾಮೂಹಿಕ ಭೂಮಿಯನ್ನು ಅನ್ಯರಿಗೆ ಬಿಟ್ಟುಕೊಡುವ ಕ್ರಮಗಳ ವಿರುದ್ಧ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಬಹಳ ಕಠಿಣವಾಗಿ ಮಾತನಾಡಿದೆ.

ಹಂಪಿ, ಬಾದಾಮಿ, ಹಳೇಬೀಡಿನಂತಹ ಊರುಗಳವರಿಗೆ ಇನ್ನೊಂದು ಮಾತು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಆ ವ್ಯಾಪ್ತಿಯೊಳಗಿನ ಕಟ್ಟಡದ ದುರಸ್ತಿಗೂ ಮುಂಚಿತ ಅನುಮತಿ ಬೇಕು.

2. ಕಟ್ಟಡ ಗಟ್ಟಿಯಿದೆಯೇ?

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡೂ ಜನ ಓಡಾಡುತ್ತಿದ್ದ, ವ್ಯಾಪಾರ ನಡೆಯುತ್ತಿದ್ದ ಕಟ್ಟಡಗಳು. ಬಳಕೆಯಲ್ಲಿದ್ದವುಗಳ ಗತಿಯೇ ಹೀಗಾದರೆ ಹತ್ತು ಮಳೆಗಾಲ ಬೀಗ ಹಾಕಿಕೊಂಡು ನಿಂತ ಕಟ್ಟಡವನ್ನು ಕಣ್ಣಂದಾಜಿನಲ್ಲಿ "ಚೆನ್ನಾಗಿದೆ" ಎನ್ನುವುದು ಜೀವದ ಜೊತೆ ಆಡುವ ಮಾತು.

ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೋ ಲೋಕೋಪಯೋಗಿ ಇಲಾಖೆಗೋ ಪತ್ರ ಬರೆದು ಸದೃಢತೆಯ ಲಿಖಿತ ವರದಿ ತರಿಸಿಕೊಳ್ಳಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರೂ ಇಂತಹ ಪರೀಕ್ಷೆ ಮಾಡಿಕೊಡುವುದುಂಟು. ಹೆಂಚಿನ ಕಟ್ಟಡವಾದರೆ ತೊಲೆ, ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ, ಗೋಡೆಯ ಬುಡದಲ್ಲಿ ತೇವ ಏರಿದೆಯೇ ನೋಡಬೇಕು. ಇವನ್ನು ಸರಿಪಡಿಸುವುದು ಸುಲಭ, ಒಡೆದ ಹೆಂಚು ಕಂಡು ಹೆದರಬೇಡಿ. ತಾರಸಿ ಕಟ್ಟಡದಲ್ಲಿ ಸಿಮೆಂಟು ಉದುರಿ ಒಳಗಿನ ಕಬ್ಬಿಣ ಕಾಣುತ್ತಿದ್ದರೆ ಮಾತ್ರ ಹೆದರಬೇಕು. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಮೇಲೆ ಗಾರೆ ಬಳಿದು ಬಣ್ಣ ಹೊಡೆದರೆ ರೋಗ ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ವರದಿಯ ಜೊತೆಗೆ ದುರಸ್ತಿಯ ಅಂದಾಜುಪಟ್ಟಿಯನ್ನೂ ಪಡೆಯಿರಿ. ಅದನ್ನು ಎರಡು ಭಾಗ ಮಾಡಿಸಿ: ಕಟ್ಟಡ ನಿಲ್ಲಲು ಬೇಕಾದ ಕೆಲಸ, ಅಂದರೆ ಸೂರು, ಗೋಡೆ, ನೀರು, ಶೌಚಾಲಯ, ವೈರಿಂಗ್ ಒಂದು, ಹೊಸ ಬಳಕೆಗೆ ಬೇಕಾದ ಒಳಾಂಗಣ ಇನ್ನೊಂದು. ಯಾರು ಯಾವುದಕ್ಕೆ ಹಣ ಹಾಕಬೇಕೆಂಬ ಮಾತುಕತೆ ಮುಂದೆ ಈ ಗೆರೆಯ ಮೇಲೆಯೇ ನಡೆಯುತ್ತದೆ.

3. ಊರಿಗೆ ಏನು ಬೇಕು?

ಖಾಸಗಿಯವರನ್ನು ಕರೆಯುವ ಮೊದಲು ನಿಮ್ಮ ಮನೆಯನ್ನೇ ಒಮ್ಮೆ ನೋಡಿ. ಅಂಗನವಾಡಿ ಬಾಡಿಗೆ ಮನೆಯಲ್ಲಿ ನಡೆಯುತ್ತಿದೆಯೇ? ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಜಾಗ ಸಾಲದೇ? ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಶುರುವಾದ ಕೂಸಿನ ಮನೆಗೆ ಕೋಣೆ ಬೇಕೇ? ಸರ್ಕಾರದ ಒಂದು ಕೈ ಬಾಡಿಗೆ ಕಟ್ಟುತ್ತಿರುವಾಗ ಇನ್ನೊಂದು ಕೈ ಕಟ್ಟಡವನ್ನು ಹೊರಗಿನವರಿಗೆ ಕೊಡುವುದು ತಪ್ಪು.

ಆಮೇಲೆ ಗ್ರಾಮಸಭೆಯಲ್ಲಿ, ಪಟ್ಟಣವಾದರೆ ವಾರ್ಡಿನ ಜನರ ಸಭೆಯಲ್ಲಿ ವಿಷಯ ಇಡಿ. "ಕಟ್ಟಡ ಕೊಡೋಣವೇ ಬೇಡವೇ" ಎಂದು ಕೇಳಬೇಡಿ, ಜಗಳ ಮಾತ್ರ ಬರುತ್ತದೆ. "ಯಾವ ಕೆಲಸಕ್ಕಾಗಿ ನೀವು ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತುತ್ತೀರಿ?" ಎಂದು ಕೇಳಿ. ಹೊಲಿಗೆ ತರಬೇತಿ, ಕಣ್ಣಿನ ತಪಾಸಣೆ, ಹಿಟ್ಟಿನ ಗಿರಣಿ, ಸ್ಪರ್ಧಾತ್ಮಕ ಪರೀಕ್ಷೆಯ ಓದುಕೋಣೆ, ಕೊಯ್ಲಿನ ನಂತರ ತರಕಾರಿ ಇಡಲು ತಂಪು ಕೋಣೆ, ಹೀಗೆ ಉತ್ತರಗಳು ತಾವಾಗಿಯೇ ಬರುತ್ತವೆ. ಹೆಂಗಸರು ಮಾತನಾಡುವವರೆಗೆ ಸಭೆ ಮುಗಿಸಬೇಡಿ. ಬಂದದ್ದನ್ನೆಲ್ಲ ನಡಾವಳಿಯಲ್ಲಿ ಬರೆಸಿ.

ಇನ್ನೂ ಮುಖ್ಯವಾದದ್ದು, ಆ ಕಟ್ಟಡವನ್ನು ಈಗಲೂ ಒಂದಿಷ್ಟಾದರೂ ಬಳಸುತ್ತಿರುವವರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದು ನಡೆಸಲೆಂದು 2015ರಲ್ಲಿ ಒಪ್ಪಂದವಾಯಿತು. ಆ ಜಾಗವನ್ನು ತಮ್ಮದೆಂದುಕೊಂಡಿದ್ದ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಯೋಜನೆಯ ಗುಣದೋಷ ಬೇರೆ ಮಾತು. ಬಳಸುವವರನ್ನು ಕೇಳದೆ ಮೇಲಿನಿಂದ ಸಹಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಹಳೆಯ ಶಾಲೆಯ ಅಂಗಳದಲ್ಲಿ ಸಂಜೆ ವಾಲಿಬಾಲ್ ಆಡುವ ಹುಡುಗರಿದ್ದರೆ, ಜಗಲಿಯ ಮೇಲೆ ಕೂರುವ ಅಜ್ಜಂದಿರಿದ್ದರೆ, ಅವರಿಗೂ ಇದು ಅಷ್ಟೇ ದೊಡ್ಡ ವಿಷಯ. ಅಂಗಳವನ್ನು ಒಪ್ಪಂದದಿಂದ ಹೊರಗಿಡಿ, ಅರ್ಧ ವಿರೋಧ ಅಲ್ಲಿಯೇ ಕರಗುತ್ತದೆ.

4. ಟೆಂಡರಿಗೆ ಮೊದಲು ಬಹಿರಂಗವಾಗಿ ಮಾತನಾಡಿ

ನಮ್ಮಲ್ಲಿ ಈ ಹಂತವೇ ಇಲ್ಲವೆನ್ನಬಹುದು, ನನಗೆ ಅದೇ ದೊಡ್ಡ ಕೊರತೆಯೆಂದು ಕಾಣುತ್ತದೆ. ಕಚೇರಿಯಲ್ಲಿ ಕುಳಿತು ಷರತ್ತು ಬರೆದು ಪ್ರಕಟಿಸುತ್ತೇವೆ, ಒಬ್ಬರೂ ಬರುವುದಿಲ್ಲ, ಎರಡನೆಯ ಬಾರಿ ಕರೆಯುತ್ತೇವೆ, ಆಗಲೂ ಬರುವುದಿಲ್ಲ.

ಜಪಾನಿನಲ್ಲಿ ಮಕ್ಕಳ ಸಂಖ್ಯೆ ಕುಸಿದು ಶಾಲೆಗಳು ಸಾಲುಸಾಲಾಗಿ ಮುಚ್ಚಿದವು. ಅಲ್ಲಿನ ಶಿಕ್ಷಣ ಸಚಿವಾಲಯ 2010ರಲ್ಲಿ "ಎಲ್ಲರ ಮುಚ್ಚಿದ ಶಾಲೆ" ಎಂಬರ್ಥದ ಯೋಜನೆ ಆರಂಭಿಸಿ, ಬಳಕೆದಾರರಿಗಾಗಿ ಕಾದಿರುವ ಕಟ್ಟಡಗಳ ಪಟ್ಟಿಯನ್ನೇ ಪ್ರಕಟಿಸತೊಡಗಿತು. ಅಲ್ಲಿನ ಹಲವು ಸ್ಥಳೀಯ ಸಂಸ್ಥೆಗಳು ಟೆಂಡರಿಗೆ ಮೊದಲು ಆಸಕ್ತರನ್ನೆಲ್ಲ ಕರೆದು "ನಿಮಗೆ ಏನು ಸಾಧ್ಯ, ಎಷ್ಟು ವರ್ಷ ಬೇಕು, ಏನು ಅಡ್ಡಿ" ಎಂದು ಕೇಳಿ ಬರೆದುಕೊಳ್ಳುತ್ತವೆ. ಕೊಚಿ ಪ್ರಾಂತ್ಯದ ಮುರೊಟೊದಲ್ಲಿ ಮುಚ್ಚಿಹೋಗಿದ್ದ ಪ್ರಾಥಮಿಕ ಶಾಲೆಯೊಂದು 2018ರಲ್ಲಿ ಮತ್ಸ್ಯಾಲಯವಾಗಿ ತೆರೆಯಿತು. ಮಕ್ಕಳು ಈಜು ಕಲಿಯುತ್ತಿದ್ದ ಕೊಳದಲ್ಲಿ ಈಗ ಕಡಲಾಮೆಗಳೂ ಶಾರ್ಕುಗಳೂ ಈಜುತ್ತವೆ. ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ, ಕಟ್ಟಡ ನಗರಾಡಳಿತದ್ದೇ. ಕಚೇರಿಯಲ್ಲಿ ಕುಳಿತ ಯಾರಿಗೂ ಇಂತಹ ಬಳಕೆ ಹೊಳೆಯುತ್ತಿರಲಿಲ್ಲ.

ನೀವು ಮಾಡಬೇಕಾದದ್ದು ಕಷ್ಟವಲ್ಲ. ಕಟ್ಟಡದ ಫೋಟೊ, ಅಳತೆ, ನಕ್ಷೆ, ಸದೃಢತೆಯ ವರದಿ, ರಸ್ತೆ, ನೀರು, ವಿದ್ಯುತ್ತಿನ ವಿವರ ಸೇರಿಸಿ ಎರಡು ಪುಟದ ಪರಿಚಯಪತ್ರ ಮಾಡಿ. ದಿನಪತ್ರಿಕೆಯಲ್ಲಿ, ಸೂಚನಾ ಫಲಕದಲ್ಲಿ ಹಾಕಿ ಒಂದು ಭೇಟಿಯ ದಿನ ಗೊತ್ತುಮಾಡಿ, ಬಂದವರಿಗೆಲ್ಲ ಒಟ್ಟಿಗೆ ಕಟ್ಟಡ ತೋರಿಸಿ. ಯಾರು ಬಂದರು, ಏನು ಕೇಳಿದರು ಎಂಬುದನ್ನು ಬರೆದಿಡಿ. ಒಬ್ಬರೊಂದಿಗೆ ಮಾತ್ರ ಮುಚ್ಚಿದ ಬಾಗಿಲ ಹಿಂದೆ ಮಾತನಾಡಬೇಡಿ.

ಖಾಸಗಿ ಎಂದರೆ ದೊಡ್ಡ ಕಂಪನಿಯೇ ಆಗಬೇಕೆಂದಿಲ್ಲ. ಸಂಜೀವಿನಿ ಯೋಜನೆಯ ಮಹಿಳಾ ಒಕ್ಕೂಟ, ರೈತ ಉತ್ಪಾದಕ ಸಂಸ್ಥೆ, ಹಾಲಿನ ಸಹಕಾರ ಸಂಘ, ರಂಗತಂಡ, ತರಬೇತಿ ಸಂಸ್ಥೆ, ಊರಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರ ಟ್ರಸ್ಟ್, ಎಲ್ಲರೂ ಜೊತೆಗಾರರಾಗಬಹುದು. ಸ್ವಸಹಾಯ ಗುಂಪಿನ ಮಹಿಳೆಯರು ಸರ್ಕಾರಿ ಆವರಣಗಳಲ್ಲಿ ನಡೆಸುವ ಅಕ್ಕ ಕೆಫೆಗಳನ್ನು ನೋಡಿ ಬನ್ನಿ. ಸಣ್ಣ ಊರಿನಲ್ಲಿ ಬಾಗಿಲು ತಪ್ಪದೆ ತೆಗೆಯುವವರು ಹೆಚ್ಚಾಗಿ ಇಂತಹವರೇ.

5. ಯಾವ ಬಗೆಯ ಪಾಲುದಾರಿಕೆ?

ಪದಗಳು ಗೊಂದಲ ಮಾಡುತ್ತವೆ, ಅದಕ್ಕಾಗಿ ಬಿಡಿಸಿ ಹೇಳುತ್ತೇನೆ.

ಪರವಾನಗಿ: ಜಾಗ ಬಳಸಲು ಅನುಮತಿ ಮಾತ್ರ, ಸ್ವಾಧೀನ ನಿಮ್ಮದೇ. ವಾರಕ್ಕೆ ಮೂರು ದಿನದ ತರಗತಿಗೆ, ತಿಂಗಳಿಗೊಮ್ಮೆಯ ವೈದ್ಯಕೀಯ ಶಿಬಿರಕ್ಕೆ ಇದು ಸರಿ.

ಗುತ್ತಿಗೆ ಅಥವಾ ಲೀಸ್: ಗೊತ್ತಾದ ಅವಧಿಗೆ ಸ್ವಾಧೀನವನ್ನೇ ಬಿಟ್ಟುಕೊಡುವುದು. ಪತ್ರದ ತಲೆಬರಹದಲ್ಲಿ "ಪರವಾನಗಿ" ಎಂದು ಬರೆದು ಒಳಗೆ ಪೂರ್ಣ ಸ್ವಾಧೀನ ಕೊಟ್ಟರೆ ನ್ಯಾಯಾಲಯ ಅದನ್ನು ಗುತ್ತಿಗೆಯೆಂದೇ ನೋಡುತ್ತದೆ. ತಲೆಬರಹಕ್ಕಿಂತ ತಿರುಳು ಮುಖ್ಯ ಎಂಬುದು ಸುಪ್ರೀಂ ಕೋರ್ಟಿನ 1959ರ ತೀರ್ಪು.

ನಿರ್ವಹಣಾ ಒಪ್ಪಂದ: ಕಟ್ಟಡ, ಶುಲ್ಕ, ನಿಯಮ ನಿಮ್ಮವು, ನಡೆಸುವ ಕೆಲಸ ಅವರದು. ಸಮುದಾಯ ಭವನ, ಈಜುಕೊಳ, ರಂಗಮಂದಿರಕ್ಕೆ ಹೊಂದುತ್ತದೆ.

ನವೀಕರಿಸಿ ನಡೆಸಿ ಹಿಂತಿರುಗಿಸುವುದು: ಜೊತೆಗಾರರು ತಮ್ಮ ಹಣದಿಂದ ದುರಸ್ತಿ ಮಾಡಿ, ಗೊತ್ತಾದ ವರ್ಷ ನಡೆಸಿ, ಕೊನೆಗೆ ಸುಸ್ಥಿತಿಯಲ್ಲಿ ಕಟ್ಟಡ ಒಪ್ಪಿಸುತ್ತಾರೆ. ಕಾಗದದ ಮೇಲೆ ಎಲ್ಲರಿಗೂ ಇದೇ ಇಷ್ಟವಾಗುತ್ತದೆ. ಲೆಕ್ಕ ಹಾಕಿದಾಗ ಮಾತ್ರ ನಿಜ ತಿಳಿಯುತ್ತದೆ.

ಉದಾಹರಣೆಗೆ, ದುರಸ್ತಿಗೆ 9 ಲಕ್ಷ ರೂಪಾಯಿ, ಆ ಜಾಗದ ನ್ಯಾಯವಾದ ಬಾಡಿಗೆ ತಿಂಗಳಿಗೆ 12,000, ಅವಧಿ 10 ವರ್ಷ ಎಂದಿಟ್ಟುಕೊಳ್ಳಿ. 9 ಲಕ್ಷವನ್ನು 120 ತಿಂಗಳಿಗೆ ಹಂಚಿದರೆ 7,500. ಉಳಿದ 4,500 ಪಂಚಾಯಿತಿಗೆ ಬರಬೇಕೆಂದು ನೀವು ಲೆಕ್ಕ ಹಾಕುತ್ತೀರಿ. ಆದರೆ ಜೊತೆಗಾರ ಆ ಹಣವನ್ನು ಶೇ 10ರ ಬಡ್ಡಿಗೆ ತಂದಿದ್ದರೆ ಅವನ ಕಂತು ತಿಂಗಳಿಗೆ ಸುಮಾರು 11,900. ನಿಮಗೆ ಕೊಡಲು ಅವನ ಬಳಿ ಉಳಿಯುವುದು ನೂರು ರೂಪಾಯಿ! ಇದು ತಿಳಿಯದೆ 4,500ಕ್ಕೆ ಹಟ ಹಿಡಿದರೆ ಪ್ರಾಮಾಣಿಕ ಬಿಡ್ಡುದಾರ ಹಿಂದೆ ಸರಿಯುತ್ತಾನೆ. ಉಳಿಯುವವನು ಬಾಡಿಗೆ ಕಟ್ಟದೆ ಕುಳಿತುಕೊಳ್ಳುವ ಎಣಿಕೆಯವನು.

ಹಾಗಾಗಿ ನನ್ನ ಸಲಹೆ: ಸೂರು, ಗೋಡೆ, ಶೌಚಾಲಯವನ್ನು ಹಣಕಾಸು ಆಯೋಗದ ಅನುದಾನ ಅಥವಾ ಸ್ವಂತ ಸಂಪನ್ಮೂಲದಿಂದ, ಆಯಾ ಅನುದಾನದ ನಿಯಮ ಒಪ್ಪುವಷ್ಟು, ನೀವೇ ಮಾಡಿಸಿ. ಒಳಾಂಗಣ ಮಾತ್ರ ಅವರಿಗೆ ಬಿಡಿ. ಆಗ ಅವಧಿಯೂ ಚಿಕ್ಕದಾಗುತ್ತದೆ, ಹಿಡಿತವೂ ನಿಮ್ಮಲ್ಲಿ ಉಳಿಯುತ್ತದೆ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆರವು: ಹಿಂದಿನ ಆರ್ಥಿಕ ವರ್ಷದಲ್ಲಿ 5 ಕೋಟಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಸಂಪತ್ತು ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಶಿಕ್ಷಣ, ಗ್ರಾಮೀಣಾಭಿವೃದ್ಧಿ, ಐತಿಹಾಸಿಕ ಕಟ್ಟಡಗಳ ಸಂರಕ್ಷಣೆ ಆ ಪಟ್ಟಿಯಲ್ಲಿವೆ. ದುರಸ್ತಿಗೆ ಇದು ಒಳ್ಳೆಯ ಮೂಲ. ಆದರೆ ಕಂಪನಿ ಬಣ್ಣ ಹೊಡೆಸಿ, ಫಲಕ ಹಾಕಿ ಹೋಗುತ್ತದೆ; ಬೆಳಿಗ್ಗೆ ಬಾಗಿಲು ತೆಗೆಯುವುದಿಲ್ಲ. ನಡೆಸುವವರು ಗೊತ್ತಾಗುವ ಮೊದಲು ಸಿಎಸ್‌ಆರ್ ಹಣ ಸುರಿಸಿಕೊಂಡ ಕಟ್ಟಡ ಮತ್ತೆ ಬೀಗಕ್ಕೇ ಹೋಗುತ್ತದೆ.

6. ಆಯ್ಕೆ ಎಲ್ಲರ ಕಣ್ಣೆದುರು ನಡೆಯಲಿ

"ಒಳ್ಳೆಯವರು, ನಮ್ಮವರೇ, ನೇರವಾಗಿ ಕೊಟ್ಟರೆ ಆಗದೇ?" ಎಂಬುದು ಪದೇ ಪದೇ ಬರುವ ಪ್ರಶ್ನೆ. ಕೊಡಬೇಡಿ. ಸಾರ್ವಜನಿಕ ಸ್ವತ್ತನ್ನು ಪ್ರಕಟಣೆಯಿಲ್ಲದೆ, ಒಬ್ಬರು ಅರ್ಜಿ ಹಾಕಿದರೆಂದು ಅವರಿಗೇ ಹಂಚುವುದು ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಳ್ಳೆಯ ಉದ್ದೇಶ ಇಲ್ಲಿ ರಕ್ಷಣೆಯಾಗುವುದಿಲ್ಲ.

ಮೊದಲು ಸಾಮಾನ್ಯ ಸಭೆಯ ನಿರ್ಣಯ. ನಂತರ ಮೇಲಿನ ಪ್ರಾಧಿಕಾರದ ಪೂರ್ವಾನುಮತಿ. ಪುರಸಭೆಗಳು ಸ್ವತ್ತನ್ನು ಗುತ್ತಿಗೆ ಕೊಡುವ ಅಧಿಕಾರ 1964ರ ಪುರಸಭೆ ಕಾಯ್ದೆಯ 72ನೇ ಸೆಕ್ಷನ್‌ನಲ್ಲಿದೆ, ದೀರ್ಘ ಅವಧಿಗೆ ಸರ್ಕಾರದ ಒಪ್ಪಿಗೆ ಬೇಕು. ಗ್ರಾಮ ಪಂಚಾಯಿತಿಗಳು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಡಿ ನಡೆಯಬೇಕು. ಯಾರ ಅನುಮತಿ, ಎಷ್ಟು ವರ್ಷದವರೆಗೆ ಎಂಬುದನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿ ಅಥವಾ ಜಿಲ್ಲಾ ನಗರಾಭಿವೃದ್ಧಿ ಕೋಶದಿಂದ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿ ಇಡಿ. ಪುರಸಭೆ ಮಳಿಗೆಗಳ ಹಂಚಿಕೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗಿರುವ ಮೀಸಲಾತಿಯನ್ನು ಮರೆಯಬೇಡಿ.

ಮಳಿಗೆಯಾದರೆ ಹರಾಜು ಸರಿ, ಹೆಚ್ಚು ಕೂಗಿದವರಿಗೆ ಕೊಡಬಹುದು. ಗ್ರಂಥಾಲಯ, ತರಬೇತಿ ಕೇಂದ್ರದಂತಹ ಬಳಕೆಗೆ ಹರಾಜು ಹಾಕಿದರೆ ಗೋದಾಮಿನವನೇ ಗೆಲ್ಲುತ್ತಾನೆ. ಇಂತಹ ಕಡೆ ಎರಡು ಲಕೋಟೆಯ ಪದ್ಧತಿ ಇಡಿ: ಮೊದಲ ಲಕೋಟೆಯಲ್ಲಿ ಯೋಜನೆ ಮತ್ತು ಅನುಭವ, ಎರಡನೆಯದರಲ್ಲಿ ಬಾಡಿಗೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಪ್ರಕಟಣೆಯಲ್ಲೇ ಮುದ್ರಿಸಿ. ನೂರರಲ್ಲಿ ಅರುವತ್ತನ್ನಾದರೂ ಯೋಜನೆಗೆ ಇಡಬೇಕೆಂಬುದು ನನ್ನ ಅಭಿಪ್ರಾಯ. ಕನಿಷ್ಠ ಬಾಡಿಗೆಯನ್ನು ಲೋಕೋಪಯೋಗಿ ಇಲಾಖೆಯಿಂದ ನಿಗದಿ ಮಾಡಿಸಿಕೊಂಡರೆ ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದು ತಪ್ಪುತ್ತದೆ.

ಎಚ್ಚರಿಕೆ: ಸದಸ್ಯರು, ಅವರ ಮನೆಯವರು ಬಿಡ್ಡಿನಲ್ಲಿ ಭಾಗವಹಿಸಬಾರದು. ಸ್ಥಳೀಯ ಸಂಸ್ಥೆಯ ಗುತ್ತಿಗೆಯಲ್ಲಿ ಹಿತಾಸಕ್ತಿ ಇದ್ದರೆ ಸದಸ್ಯತ್ವಕ್ಕೇ ಕುತ್ತು ಬರುತ್ತದೆ.

7. ಒಪ್ಪಂದ: ಕೊನೆಯ ದಿನವನ್ನು ಮೊದಲು ಬರೆಯಿರಿ

ಒಪ್ಪಂದದ ಕರಡು ಮಾಡುವಾಗ ಕೊನೆಯ ಪುಟದಿಂದ ಆರಂಭಿಸಿ. ಅವಧಿ ಮುಗಿದ ದಿನ ಕಟ್ಟಡ ಯಾವ ಸ್ಥಿತಿಯಲ್ಲಿ ವಾಪಸು ಬರಬೇಕು? ಅವರು ಹಾಕಿದ ಫ್ಯಾನು, ಸೌರಫಲಕ, ಗಾಜಿನ ಗೋಡೆ ಯಾರದು? ನಡುವೆಯೇ ಬಿಟ್ಟುಹೋದರೆ ಠೇವಣಿ ಏನಾಗುತ್ತದೆ? ಸತತ ಮೂರು ತಿಂಗಳು ಬಾಗಿಲು ಮುಚ್ಚಿದರೆ ಏನು? ಇವು ತೀರ್ಮಾನವಾದ ಮೇಲೆ ಬಾಡಿಗೆಯ ಮಾತು. ಮದುವೆಯ ಮನೆಯಲ್ಲಿ ಬೇರೆಯಾಗುವ ಮಾತೇಕೆ ಎಂದು ಹಿರಿಯರೊಬ್ಬರು ತಡೆಯಬಹುದು. ಗೌರವದಿಂದ ಕೇಳಿಸಿಕೊಂಡು, ಬರೆಯುವುದನ್ನು ಬರೆಯಿರಿ.

ಬಿಡಬಾರದ ಷರತ್ತುಗಳು:

ಬಳಕೆ ಯಾವುದು ಎಂಬುದನ್ನು ಹೆಸರಿಸಿ. ಬದಲಿಸಬೇಕಾದರೆ ಸಭೆಯ ಒಪ್ಪಿಗೆ ಬೇಕು.

ಒಳಬಾಡಿಗೆಗೆ ಕೊಡುವಂತಿಲ್ಲ, ಕಟ್ಟಡವನ್ನು ಬ್ಯಾಂಕಿಗೆ ಅಡವಿಡುವಂತಿಲ್ಲ.

ಊರಿನವರಿಗೆ ಮೀಸಲಾದ ದಿನ, ಗಂಟೆ, ದರ. "ರಿಯಾಯಿತಿ ನೀಡಲಾಗುವುದು" ಎಂಬ ತೆಳು ಮಾತು ಬೇಡ. "ಪ್ರತಿ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಉಚಿತ" ಎಂಬಂತೆ ಬರೆಯಿರಿ.

ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಶೇಕಡಾ ಎಷ್ಟು ಏರುತ್ತದೆ.

ಸಣ್ಣ ದುರಸ್ತಿ ಯಾರದು, ದೊಡ್ಡದು ಯಾರದು. 2ನೇ ಹಂತದ ಎರಡು ಭಾಗದ ಅಂದಾಜುಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವಿಮೆ, ಅಗ್ನಿಸುರಕ್ಷತೆ, ಅಂಗವಿಕಲರಿಗೆ ಇಳಿಜಾರು ದಾರಿ.

ಜಿಎಸ್‌ಟಿ. ಸ್ಥಳೀಯ ಸಂಸ್ಥೆ ಜಿಎಸ್‌ಟಿ ನೋಂದಾಯಿತರಿಗೆ ಸ್ಥಿರಾಸ್ತಿಯನ್ನು ಬಾಡಿಗೆಗೆ ಕೊಟ್ಟಾಗ ತೆರಿಗೆಯನ್ನು ಬಾಡಿಗೆದಾರರೇ ನೇರವಾಗಿ ಸರ್ಕಾರಕ್ಕೆ ಕಟ್ಟುವ ವ್ಯವಸ್ಥೆ 2018ರಿಂದ ಇದೆ. ವಾಣಿಜ್ಯ ಬಾಡಿಗೆಗೆ ದರ ಶೇ 18. ಇದು ಬಾಡಿಗೆಯ ಮೇಲೆ ಹೆಚ್ಚುವರಿ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಜಗಳ ಖಚಿತ.

ಒಂದು ವರ್ಷ ಮೀರಿದ ಗುತ್ತಿಗೆಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಇದನ್ನು ತಪ್ಪಿಸಿಕೊಳ್ಳಲು 11 ತಿಂಗಳ ಕರಾರು ಮಾಡಿ ವರ್ಷವರ್ಷ ಮುಂದುವರಿಸುವ ಅಭ್ಯಾಸ ಎಲ್ಲೆಡೆ ಇದೆ. ಅದು ಎರಡು ಕಡೆಯವರಿಗೂ ಕೆಟ್ಟದ್ದು. 11 ತಿಂಗಳ ನೆಚ್ಚಿಗೆಯ ಮೇಲೆ ಯಾರೂ ಲಕ್ಷಗಟ್ಟಲೆ ಹಾಕುವುದಿಲ್ಲ. ಹಾಕಿದವರು ಆಮೇಲೆ ಏಳುವುದಿಲ್ಲ. ಅವಧಿ ಮುಗಿದರೂ ಬಿಡದವರನ್ನು ತೆರವುಗೊಳಿಸಲು ಕರ್ನಾಟಕದಲ್ಲಿ ಸಾರ್ವಜನಿಕ ಆವರಣಗಳಿಂದ ಅನಧಿಕೃತ ಅಧಿಭೋಗದಾರರನ್ನು ಹೊರಹಾಕುವ 1974ರ ಕಾಯ್ದೆ ಇದೆ. ಅದರಡಿ ಸಕ್ಷಮ ಅಧಿಕಾರಿಯ ಮುಂದೆ ಹೋಗಬೇಕಾದರೂ ಕೈಯಲ್ಲಿ ಸರಿಯಾದ ಪತ್ರ ಇರಬೇಕು.

8. ಹಸ್ತಾಂತರ ಮತ್ತು ಅದರ ನಂತರ

ಕಟ್ಟಡ ಒಪ್ಪಿಸುವ ದಿನ ಎರಡೂ ಕಡೆಯವರು ಒಟ್ಟಿಗೆ ಕೋಣೆ ಕೋಣೆ ಸುತ್ತಿ ಮಹಜರು ಬರೆಯಬೇಕು. ಗೋಡೆ, ನೆಲ, ಸೂರು, ಬಾಗಿಲು, ಕಿಟಕಿ, ಪ್ರತಿಯೊಂದರ ಫೋಟೊ ದಿನಾಂಕದೊಂದಿಗೆ ಇರಲಿ. ಮೀಟರಿನ ಅಂಕಿ ಬರೆದುಕೊಳ್ಳಿ. ಶಾಲೆಯಾಗಿದ್ದರೆ ಹಳೆಯ ದಾಖಲಾತಿ ವಹಿಗಳನ್ನು ಯಾವ ಕಾರಣಕ್ಕೂ ಅಲ್ಲಿ ಬಿಡಬೇಡಿ. ಊರಿನ ಎಷ್ಟೋ ಜನರ ಹುಟ್ಟಿದ ದಿನಾಂಕಕ್ಕೆ ಅವೇ ಆಧಾರ. ಶಿಕ್ಷಣ ಇಲಾಖೆಗೆ ಒಪ್ಪಿಸಿ ರಸೀದಿ ಪಡೆಯಿರಿ.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರಿಶೀಲನೆ ಇರಲಿ. ಎಷ್ಟು ಜನ ಬಳಸಿದರು, ಊರಿನ ಮೀಸಲು ಗಂಟೆ ಪಾಲನೆಯಾಯಿತೇ, ಬಾಡಿಗೆ ಬಂದಿತೇ, ಸೋರಿಕೆ ಇದೆಯೇ ಎಂಬ ಒಂದು ಪುಟದ ವರದಿಯನ್ನು ಗ್ರಾಮಸಭೆಯಲ್ಲಿ ಓದಿ. ಬಾಡಿಗೆ ಹಣ ಸಾಮಾನ್ಯ ಖಾತೆಯಲ್ಲಿ ಕರಗಲು ಬಿಡದೆ, ಅದರ ಒಂದು ಪಾಲು ಇದೇ ಕಟ್ಟಡದ ನಿರ್ವಹಣೆಗೆಂದು ನಿರ್ಣಯ ಮಾಡಿಟ್ಟುಕೊಳ್ಳಿ.

ಟೆಂಡರಿಗೆ ಯಾರೂ ಬಾರದೆ ಹೋದರೆ ಷರತ್ತು ಸಡಿಲಿಸಲು ಅವಸರಪಡಬೇಡಿ. 4ನೇ ಹಂತಕ್ಕೆ ಹಿಂತಿರುಗಿ, ಭೇಟಿಗೆ ಬಂದಿದ್ದವರನ್ನೆಲ್ಲ ಕರೆದು, ಏಕೆ ಬರಲಿಲ್ಲವೆಂದು ಕೇಳಿ. ಉತ್ತರ ಹೆಚ್ಚಾಗಿ ಬಾಡಿಗೆಯಲ್ಲಿ ಇರುವುದಿಲ್ಲ. ನೀರಿಲ್ಲ, ರಾತ್ರಿ ಬೀದಿದೀಪವಿಲ್ಲ, ಬಸ್ಸು ನಿಲ್ಲುವುದಿಲ್ಲ ಎಂಬಲ್ಲಿ ಇರುತ್ತದೆ. ಅವು ನೀವೇ ಸರಿಪಡಿಸಬಹುದಾದವು. ಸರಿಪಡಿಸುವವರೆಗೆ ಊರಿನ ಯಾವುದಾದರೂ ಗುಂಪಿಗೆ ದಿನದ ಶುಲ್ಕದ ಮೇಲೆ, ಎಲ್ಲರಿಗೂ ಒಂದೇ ನಿಯಮದಲ್ಲಿ, ಕಟ್ಟಡವನ್ನು ಬಳಸಲು ಬಿಡಿ. ಬಾಗಿಲು ತೆರೆದಿದ್ದರೆ ಒಳಗೆ ಗಾಳಿಯಾದರೂ ಆಡುತ್ತದೆ, ಗೆದ್ದಲು ಕಣ್ಣಿಗೆ ಬೀಳುತ್ತದೆ.

ಹಸ್ತಾಂತರದ ದಿನ ಎರಡು ಕೀಲಿಕೈ ಮಾಡಿಸಿ. ಒಂದು ಜೊತೆಗಾರರಿಗೆ. ಇನ್ನೊಂದಕ್ಕೆ ಕಟ್ಟಡದ ಹೆಸರು, ಒಪ್ಪಂದ ಮುಗಿಯುವ ದಿನಾಂಕ ಬರೆದ ಚೀಟಿ ಕಟ್ಟಿ, ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಮೊಳೆಗೆ ನೇತುಹಾಕಿ.